‘ಮೇಲ್ ಎಳಿತಿಲ್ಲೆ’ ಎಂಬ ದೂರು

ಬ್ರೇಕು ಕೂಗುತ್ತದೆ, ಹಾರ್ನು ಕೂಗುವುದಿಲ್ಲ, ಚೈನು ಬಡಿಯುತ್ತದೆ. ಇಂಥ ದೂರುಗಳು ಸುಲಭ. ಎಲ್ಲಿ ಕೈ ಹಾಕಬೇಕೆಂದು ಗಿರಾಕಿಯೇ ತೋರಿಸಿಕೊಟ್ಟಿರುತ್ತಾನೆ. ‘ಗಾಡಿ ಮೇಲ್ ಎಳಿತಿಲ್ಲೆ’, ಏರು ಹತ್ತುತ್ತಿಲ್ಲ, ಎಂದು ಬರುವವನ ವಿಷಯ ಹಾಗಲ್ಲ. ಅವನು ಬಂದಾಗ ಸ್ಪ್ಯಾನರ್ ಕೆಳಗಿಟ್ಟು ಒಂದು ಸ್ಟೂಲು ಎಳೆದುಕೊಂಡು ಕುಳಿತುಕೊಳ್ಳಿ. ಮೇಲೆ ಅಂದರೆ ಎಲ್ಲಿ, ಹಿಂದೆ ಏನು ಹೊರೆ, ಎಷ್ಟನೇ ಗೇರಿನಲ್ಲಿ ಉಸಿರು ಕಟ್ಟುತ್ತದೆ ಎಂದು ಕೇಳಿ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳಬೇಕೆಂದಿರುವುದರಲ್ಲಿ ಮುಕ್ಕಾಲುಪಾಲು ಈ ಒಂದು ದೂರಿನ ಸುತ್ತಲೇ ಇದೆ.

ನಾನು ಬಸ್ರೂರಿನವನು. ನಮ್ಮದು ಆಚಾರ್ಯರ ಮನೆ. ಅಪ್ಪನಿಗೆ ಕುಲುಮೆ ಇತ್ತು. ಕತ್ತಿ, ಹಾರೆ, ನೇಗಿಲ ಗುಳ ಮಾಡುತ್ತಿದ್ದರು. ಕುಲುಮೆಯ ಮುಂದೆ ತಿದಿ ಒತ್ತುತ್ತ ಬೆಳೆದದ್ದರಿಂದಲೋ ಏನೋ, ಬೆಂಕಿಗೆ ಗಾಳಿ ಬೇಕು ಎಂಬುದನ್ನು ಯಾರೂ ನನಗೆ ಪಾಠ ಮಾಡಬೇಕಾಗಿ ಬರಲಿಲ್ಲ. ಕುಂದಾಪುರದಲ್ಲಿ ಹೆದ್ದಾರಿಯ ಬದಿಗಿದ್ದ ಬೈಕಿನ ವರ್ಕ್‌ಶಾಪಿಗೆ ಸೇರಿದೆ, ಅಲ್ಲೇ ನಿವೃತ್ತನಾದೆ. ನಡುವೆ ಸೂಪರ್‌ವೈಸರ್ ಮಾಡಿದರು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅಂಗಿಯ ಬಣ್ಣ ಬದಲಾಯಿತು ಅಷ್ಟೆ.

ನಮ್ಮ ಮ್ಯಾನೇಜರ್ ಹೆಬ್ಬಾರರು. ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಅಂಗಿ ತೊಟ್ಟು ಗ್ರೀಸಿನ ನಡುವೆ ಓಡಾಡಿ ಬಿಳಿ ಅಂಗಿಯಲ್ಲೇ ಮನೆಗೆ ಹೋಗುವ ವಿದ್ಯೆ ಅವರೊಬ್ಬರಿಗೆ ಗೊತ್ತಿತ್ತು. ಅವರಿಗೆ ಎರಡು ವಿಷಯದಲ್ಲಿ ಸಿಟ್ಟು ಬರುತ್ತಿತ್ತು. ಒಂದು, ಗಿರಾಕಿ ಮಾತು ಮುಗಿಸುವ ಮೊದಲೇ ಮೆಕ್ಯಾನಿಕ್ ಸ್ಕ್ರೂ ಡ್ರೈವರ್ ಎತ್ತಿಕೊಳ್ಳುವುದು. ಇನ್ನೊಂದು, ಓಡಿಸಿ ನೋಡದೆ ಗಾಡಿ ಬಿಡುವುದು. ಓಡಿಸಿ ನೋಡಲು ನಮಗಿದ್ದ ದಾರಿ ಒಂದೇ. ಹೆದ್ದಾರಿಯಲ್ಲಿ ತ್ರಾಸಿಯವರೆಗೆ ಹೋಗಿ ಬರುವುದು. ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ಅಂಗೈಯಂಥ ರಸ್ತೆ. ಅಲ್ಲಿ ಓಡದ ಗಾಡಿಯನ್ನು ನಾನು ಕಂಡದ್ದೇ ಇಲ್ಲ. ನಮ್ಮ ತೊಂದರೆ ಶುರುವಾದದ್ದು ಅಲ್ಲಿಂದಲೇ.

ಶೀನ ಮೊಗವೀರ ತ್ರಾಸಿಯವನು. ಸಣ್ಣ ಪ್ರಾಯದಲ್ಲಿ ಮುಂಬೈಗೆ ಹೋಗಿ ಹೋಟೆಲಿನಲ್ಲಿದ್ದು, ಅಲ್ಲಿಯ ಹಿಂದಿಯನ್ನೂ ಅಲ್ಲಿಯ ಅವಸರವನ್ನೂ ಕಲಿತು ವಾಪಸು ಬಂದು, ಒಂದು ನೂರು ಸಿಸಿ ಬೈಕು ತೆಗೆದುಕೊಂಡು ಮೀನಿನ ವ್ಯಾಪಾರಕ್ಕಿಳಿದಿದ್ದ. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಹಿಡಿದು, ಪೆಟ್ಟಿಗೆಯಲ್ಲಿ ಐಸು ತುಂಬಿ, ಹೆಮ್ಮಾಡಿ, ವಂಡ್ಸೆ, ಕೊಲ್ಲೂರು ದಾಟಿ ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಕಡೆಯ ಮನೆಮನೆಗೆ ಮಾರಿ ಬರುತ್ತಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಾದ್ದರಿಂದ ನನಗೆ ಅವನು ಶೀನಣ್ಣ. ಅವನಿಗೆ ನಾನು ಆಚಾರ್ರು. ಹೆಂಡತಿ ಗಿರಿಜಕ್ಕ ತ್ರಾಸಿಯ ಸಂತೆಯಲ್ಲಿ ಮೀನು ಮಾರುತ್ತಿದ್ದಳು.

ಶೀನಣ್ಣನ ಬಗ್ಗೆ ತಿಳಿದಿರಬೇಕಾದ ವಿಷಯವೆಂದರೆ ಅವನು ನಿಲ್ಲುವ ಜಾತಿಯವನಲ್ಲ. ಐಸು ಕರಗುತ್ತಿರುವಾಗ ಯಾರು ನಿಲ್ಲುತ್ತಾರೆ? ಚಾ ಕುಡಿದರೂ ಬೈಕಿನ ಮೇಲೆ ಕುಳಿತೇ ಕುಡಿಯುತ್ತಿದ್ದ, ಎಂಜಿನ್ ಬಂದ್ ಮಾಡದೆ.

ಅವನು ಮೊದಲ ಸಲ ಬಂದು ಗಾಡಿ ಮೇಲೆ ಎಳೆಯುತ್ತಿಲ್ಲ ಎಂದಾಗ ನಾವು ಪ್ಲಗ್ ತೊಳೆದು, ತ್ರಾಸಿಯವರೆಗೆ ಓಡಿಸಿ, ಸರಿ ಇದೆ ಎಂದು ಕೊಟ್ಟೆವು. ಎರಡನೇ ಸಲ ಬಂದ. ಹೊಸ ಪ್ಲಗ್ ಹಾಕಿ ಮತ್ತೆ ತ್ರಾಸಿಯವರೆಗೆ ಓಡಿಸಿದೆವು. ಮೂರನೇ ಸಲ ಬಂದವನು ಗಾಡಿಯನ್ನು ಹೆಬ್ಬಾರರ ಮೇಜಿನ ಎದುರಿಗೇ ತಂದು ನಿಲ್ಲಿಸಿದ.

“ಹ್ವಾಯ್ ಹೆಬ್ಬಾರ್ರೆ, ನಾನ್ ಎಂತ ಸಮುದ್ರದ್ ಬದಿಯಗೆ ಮೀನ್ ಮಾರ್ತ್ನಾ? ನಿಮ್ಮ ರಸ್ತಿಯಗೆ ದಬ್ಬಿ ಬಿಟ್ರೂ ಗಾಡಿ ಓಡತ್. ನಂಗ್ ಘಾಟಿಯಗೆ ಎಳೀಕ್!”

“ಘಾಟಿಯಗೆ ಎಲ್ಲ್ ಎಳೂದಿಲ್ಲೆ ಮಾರಾಯ?” ಹೆಬ್ಬಾರರು ಕೇಳಿದರು.

“ಅದನ್ ಕೂಕಂಡ್ ಹೇಳೂಕಾತಿಲ್ಲೆ. ಒಬ್ರನ್ ಕಳ್ಸಿ ನನ್ನೊಟ್ಟಿಗ್.”

ಹೆಬ್ಬಾರರು ನನ್ನನ್ನು ನೋಡಿದರು. ಮರುದಿನ ಬೆಳಿಗ್ಗೆ ನಾನು ವರ್ಕ್‌ಶಾಪಿನ ಗಾಡಿಯಲ್ಲಿ ಶೀನಣ್ಣನ ಹಿಂದೆ ಹೊರಟೆ.

ಕೊಲ್ಲೂರಿನವರೆಗೆ ಅವನ ಗಾಡಿ ಚಿಗರೆಯ ಹಾಗೆ ಹೋಯಿತು. ಹಿಂದೆ ನಾನು, ಮೀನಿನ ನೀರು ಮುಖಕ್ಕೆ ಹಾರದಷ್ಟು ದೂರದಲ್ಲಿ. ಕೊಲ್ಲೂರು ದಾಟಿ ಕಾಡು ಶುರುವಾಗಿ ರಸ್ತೆ ಸುತ್ತತೊಡಗಿದ ಮೇಲೆ ಎಂಜಿನಿನ ದನಿ ಬದಲಾಯಿತು. ಮೂರನೇ ಗೇರು ಹೋಗಿ ಎರಡು ಬಂತು, ಎರಡು ಹೋಗಿ ಒಂದು. ಸೈಲೆನ್ಸರಿನಿಂದ ಕಪ್ಪು ಹೊಗೆ. ಒಂದು ತಿರುವಿನಲ್ಲಿ ಗಾಡಿ ನಿಂತೇಬಿಡುತ್ತದೆ ಎನ್ನುವಾಗ ಶೀನಣ್ಣ ಎರಡೂ ಕಾಲಲ್ಲಿ ನೆಲ ಒದೆಯುತ್ತ, ದೋಣಿಗೆ ಹುಟ್ಟು ಹಾಕುವವನ ಹಾಗೆ ಅದನ್ನು ಮೇಲಕ್ಕೆ ನೂಕಿದ. ತುದಿಗೆ ಹೋಗಿ ನಿಂತ ಮೇಲೆ ಪ್ಲಗ್ ಬಿಚ್ಚಿದೆ. ಮಸಿಯ ಕಡ್ಡಿಯಾಗಿತ್ತು. ಅದೇ ಪ್ಲಗ್ ಹಿಂದಿನ ದಿನ ಕುಂದಾಪುರದಲ್ಲಿ, ಎಂಜಿನ್ ಸರಿಯಾಗಿ ಉರಿಯುವಾಗ ಇರಬೇಕಾದ ಇಟ್ಟಿಗೆ ಬಣ್ಣಕ್ಕಿತ್ತು.

ಹೊಸಬರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಎಂಜಿನ್ ಎಂದರೆ ಒಂದು ಒಲೆ. ಅದಕ್ಕೆ ಬೇಕಾದದ್ದು ಪೆಟ್ರೋಲು ಮತ್ತು ಗಾಳಿ. ಸಮುದ್ರದ ಮಟ್ಟದಲ್ಲಿ ಗಾಳಿ ದಟ್ಟ. ಎತ್ತರಕ್ಕೆ ಹೋದಷ್ಟೂ ತೆಳು. ಪಿಸ್ಟನ್ ಕೆಳಗಿಳಿದಾಗ ಎಳೆದುಕೊಳ್ಳುವ ಜಾಗ ಅಷ್ಟೇ ಇದ್ದರೂ ಆ ಜಾಗದಲ್ಲಿ ಸಿಗುವ ಗಾಳಿ ಕಡಿಮೆ. ಹಳೆಯ ಕಾರ್ಬುರೇಟರಿಗೆ ಇದು ತಿಳಿಯುವುದಿಲ್ಲ. ಅದು ಕುಂದಾಪುರದಲ್ಲಿ ಸುರಿದಷ್ಟೇ ಪೆಟ್ರೋಲನ್ನು ಘಾಟಿಯ ಮೇಲೂ ಸುರಿಯುತ್ತದೆ. ಗಾಳಿ ಸಾಲದ ಒಲೆಗೆ ಸೌದೆ ತುರುಕಿದರೆ ಏನಾಗುತ್ತದೆ? ಹೊಗೆ. ಗಾಳಿ ಕಡಿಮೆಯಾದ್ದರಿಂದ ಒಂದಿಷ್ಟು ಶಕ್ತಿ ಹೋಯಿತು, ಪೆಟ್ರೋಲು ಹೆಚ್ಚಾದ್ದರಿಂದ ಇನ್ನೊಂದಿಷ್ಟು. ದೊಡ್ಡ ಎಂಜಿನ್ನಿಗೆ ಇದು ಗೊತ್ತೇ ಆಗುವುದಿಲ್ಲ. ನೂರು ಸಿಸಿಯ ಗಾಡಿಗೆ ಇರುವ ಶಕ್ತಿಯೇ ಚಿಟಿಕೆಯಷ್ಟು. ಅದರಲ್ಲೂ ಕಳ್ಳತನ ನಡೆದರೆ ಉಳಿಯುವುದೇನು?

ಆದರೆ ಎಲ್ಲವನ್ನೂ ಎತ್ತರದ ತಲೆಗೆ ಕಟ್ಟಬೇಡಿ. ನಾಗೋಡಿ ಹಿಮಾಲಯವಲ್ಲ. ಅಲ್ಲಿಯ ಎತ್ತರ ಕದಿಯುವುದು ಸ್ವಲ್ಪವೇ. ಶೀನಣ್ಣನ ಗಾಡಿಯ ಏರ್ ಫಿಲ್ಟರ್ ಬಂದರಿನ ಉಪ್ಪು, ರಸ್ತೆಯ ಧೂಳು ಸೇರಿ ಹಪ್ಪಳವಾಗಿತ್ತು. ಕ್ಲಚ್ಚು ಸವೆದಿತ್ತು. ಹಿಂದೆ ಕ್ವಿಂಟಲ್ ಹತ್ತಿರ ಹೊರೆ. ಇವೆಲ್ಲ ಬಯಲಲ್ಲಿ ಸುಮ್ಮನಿದ್ದು ಏರಿನಲ್ಲಿ ಒಟ್ಟಿಗೆ ಎದ್ದು ನಿಂತಿದ್ದವು. ಫಿಲ್ಟರ್, ಕ್ಲಚ್ ಪ್ಲೇಟು ಬದಲಾಯಿಸಿದೆವು. ಹಿಂದಿನ ಚಕ್ರಕ್ಕೆ ಹಲ್ಲು ಹೆಚ್ಚಿರುವ ಸ್ಪ್ರಾಕೆಟ್ ಹಾಕಿದೆವು, ವೇಗ ಸ್ವಲ್ಪ ಹೋದರೂ ಎಳೆತ ಬರಲಿ ಎಂದು. ಕೊನೆಗೆ ಕಾರ್ಬುರೇಟರಿನ ಸೂಜಿಯನ್ನು ಒಂದೇ ಒಂದು ಗೀರು ಕೆಳಗಿಳಿಸಿದೆ. ಸೂಜಿ ಇಳಿದರೆ ಪೆಟ್ರೋಲಿನ ದಾರಿ ಕಿರಿದಾಗುತ್ತದೆ, ಅಷ್ಟೆ.

ಮರುದಿನ ಸಂಜೆ ಶೀನಣ್ಣ ವರ್ಕ್‌ಶಾಪಿನ ಎದುರು ಗಾಡಿ ನಿಲ್ಲಿಸದೆಯೇ ಕೂಗಿಕೊಂಡು ಹೋದ. “ಆಚಾರ್ರೆ, ಕಾಲ್ ಕೆಳ್ಗ್ ಇಡ್ಲಿಲ್ಲೆ!”

ಆಮೇಲೆ ಘಾಟಿಯ ಮೀನಿನವರೆಲ್ಲ ನಮ್ಮಲ್ಲಿಗೆ ಬರತೊಡಗಿದರು. ಕೊಲ್ಲೂರಿನ ಲಾಡ್ಜಿನವರು, ಅಂಗಡಿಯವರು, ಜೀಪಿಗೆ ಕಾಯಲಾಗದೆ ಬೈಕಿನಲ್ಲೇ ಕೊಡಚಾದ್ರಿ ಹತ್ತುವ ಹುಚ್ಚಿನವರು ಎಲ್ಲರೂ. ಹೆಬ್ಬಾರರು ಒಂದು ಕ್ರಮ ಮಾಡಿದರು. ಮೆಕ್ಯಾನಿಕರು ಸರದಿಯ ಮೇಲೆ ಮಳೆ ಬಿಟ್ಟ ಮೇಲೊಮ್ಮೆ ಘಾಟಿಗೆ ಹೋಗಿ, ಗಾಡಿಗಳು ಹತ್ತುವುದನ್ನು ನಿಂತು ಕೇಳಿ ಬರಬೇಕು. ನೋಡಿ ಅಲ್ಲ, ಕೇಳಿ. ತಿರುವಿನಲ್ಲಿ ನಿಂತು ಕಣ್ಣು ಮುಚ್ಚಿದರೆ ಯಾವುದಕ್ಕೆ ಪೆಟ್ರೋಲು ಹೆಚ್ಚು, ಯಾವುದಕ್ಕೆ ಕ್ಲಚ್ಚು ಜಾರುತ್ತಿದೆ ಎಂದು ಒಂದೆರಡು ದಿನದಲ್ಲಿ ಗೊತ್ತಾಗುತ್ತಿತ್ತು. ನಾನು ಕಲಿತ ಅರ್ಧ ವಿದ್ಯೆ ಆ ರಸ್ತೆಬದಿಯದು.

ಇನ್ನು ಎಡವಟ್ಟಿನ ಕಥೆ. ಸೂಜಿ ಇಳಿಸಿದರೆ ಗಾಡಿ ಎಳೆಯುತ್ತದೆ ಎಂಬುದು ಶೀನಣ್ಣನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಗೀರಿಗೆ ಇಷ್ಟು ಸುಖವಾದರೆ ಎರಡು ಗೀರಿಗೆ ಎಷ್ಟಾಗಬೇಡ ಎಂದು ಲೆಕ್ಕ ಹಾಕಿ, ಅವನೇ ಕೂತು ಬಿಚ್ಚಿ, ಇಳಿಯುವಷ್ಟೂ ಇಳಿಸಿದ. ಘಾಟಿಯಲ್ಲಿ ಹೇಗೋ ನಡೆಯಿತು. ಆದರೆ ದಟ್ಟ ಗಾಳಿಯ ಬಯಲಿನಲ್ಲಿ ಪೆಟ್ರೋಲು ಸಾಲದೆ ಹೋದರೆ ಎಂಜಿನ್ ಕಾಯುತ್ತದೆ. ಬೇಸಗೆಯ ಒಂದು ಬೆಳಿಗ್ಗೆ, ಪೆಟ್ಟಿಗೆ ತುಂಬ ಬಂಗುಡೆ ಹೇರಿಕೊಂಡು ಪೂರ್ತಿ ಆ್ಯಕ್ಸಿಲರೇಟರ್ ತಿರುಗಿಸಿಕೊಂಡು ಹೋಗುತ್ತಿದ್ದಾಗ ವಂಡ್ಸೆಯ ಹತ್ತಿರ ಪಿಸ್ಟನ್ ಹಿಡಿದುಕೊಂಡು ಗಾಡಿ ಕಂಬದ ಹಾಗೆ ನಿಂತಿತು.

ಫೋನು ಬಂದು ನಾನು ಹೋಗಿ ನೋಡಿದರೆ ಶೀನಣ್ಣ ರಸ್ತೆಬದಿಯಲ್ಲಿ ತಲೆಗೆ ಕೈ ಕೊಟ್ಟು ಕುಳಿತಿದ್ದ. ಅವನ ಪಕ್ಕದಲ್ಲಿ ಗಿರಿಜಕ್ಕ ಸೆರಗು ಸಿಕ್ಕಿಸಿ, ಪೆಟ್ಟಿಗೆ ಕೆಳಗಿಳಿಸಿ, ಜೋರಾಗಿ ವ್ಯಾಪಾರ ಮಾಡುತ್ತಿದ್ದಳು. ಸುದ್ದಿ ಸಿಕ್ಕಿದ ಕೂಡಲೇ ರಿಕ್ಷಾ ಹತ್ತಿ ಬಂದಿದ್ದಳಂತೆ. ಬಸ್ಸಿಗೆ ಕಾಯುವವರು, ಶಾಲೆಯ ಮಾಸ್ತರರು, ಎದುರಿನ ಹೋಟೆಲಿನವರು ಎಲ್ಲರ ಕೈಯಲ್ಲೂ ಬಂಗುಡೆ.

“ಆಚಾರ್ರೆ, ನೀವ್ ಗಾಡಿ ಕಾಣಿ, ಮೀನ್ ನಾನ್ ಕಾಣ್ತೆ. ಮೀನ್ ಸತ್ತದ್ದೇ, ಇನ್ನೊಂದ್ಸಲ ಸಾಯೂದಿಲ್ಲೆ. ಎಂಜಿನ್ ಸತ್ತಿತಾ?” ಎಂದಳು.

“ಸ್ವಲ್ಪ ಜೀವ ಇತ್ತ್ ಅಂದ್ ಕಾಣತ್, ಗಿರಿಜಕ್ಕ.”

“ಎಷ್ಟ್ ಹೇಳಿದ್ರೂ ಇಲ್ಲೆ ಇವ್ರಿಗೆ. ಎಳಿತ್ ಅಂದ್ರೆ ಎಳ್ಸೂದೇ. ನಿಲ್ಲೂದ್ ಅಂದ್ರೆ ಎಂತ ಅಂದ್ ಗೊತ್ತೇ ಇಲ್ಲೆ!”

ಸಿಲಿಂಡರಿನ ಬೋರ್ ಕೊರೆಸಿ ಹೊಸ ಪಿಸ್ಟನ್ ಹಾಕಿದೆವು. ಹೆಬ್ಬಾರರು ಶೀನಣ್ಣನನ್ನು ಬೈಯಲಿಲ್ಲ. ನಮ್ಮನ್ನು ಕರೆದು, “ಮೇಲಿಗೆ ಎಂತ ಮಾಡಿದ್ರಿ ಅಂದ್ ಹೇಳಿದ್ರೆ ಸಾಲೂದಿಲ್ಲೆ, ಕೆಳ್ಗ್ ಬಂದ್ರೆ ಎಂತ ಆತ್ ಅಂದೂ ಹೇಳ್ಕ್” ಎಂದರು. ಈ ಮಾತನ್ನು ನಾನು ಕಡೆಯವರೆಗೂ ಪಾಲಿಸಿದೆ. ಫಿಲ್ಟರ್ ತೆಗೆದಿಟ್ಟರೆ ಘಾಟಿಯಲ್ಲಿ ಚೆನ್ನಾಗಿ ಓಡುತ್ತದಂತೆ ಎಂದು ಬರುವವರಿಗೂ ಇದನ್ನೇ ಹೇಳುತ್ತಿದ್ದೆ. ಓಡುತ್ತದೆ, ಧೂಳು ಕುಡಿದು ಸಾಯುವವರೆಗೆ.

ಆಮೇಲೆ ಕಾಲ ಬದಲಾಯಿತು. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಗಾಡಿಗಳು ಬಂದವು. ನನಗೆ ಮೊದಮೊದಲು ಬಹಳ ಕಸಿವಿಸಿ. ಸ್ಕ್ರೂ ಎಲ್ಲಿದೆ ಎಂದು ಹುಡುಕುತ್ತಿದ್ದೆ, ಸ್ಕ್ರೂ ಇರಲಿಲ್ಲ. ತರಬೇತಿಗೆ ಕಳಿಸಿದರು. ಒಳಗೆ ಒಂದು ಸೆನ್ಸರ್ ಗಾಳಿಯ ಒತ್ತಡ ಅಳೆಯುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲು ಕಡಿಮೆ ಮಾಡುತ್ತದೆ ಎಂದು ತಿಳಿದಾಗ ನಾನು ನಿಜವಾಗಿ ಖುಷಿಪಟ್ಟೆ. ಘಾಟಿಯ ತಿರುವಿನಲ್ಲಿ ನಿಂತು ನಾವು ಕಿವಿಯಲ್ಲಿ ಮಾಡುತ್ತಿದ್ದುದನ್ನು ಯಾರೋ ಕಡಲೆಕಾಳಿನಷ್ಟು ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದರು. ಆದರೆ ಹೊಸಬರು ಒಂದು ತಪ್ಪು ತಿಳಿದುಕೊಂಡಿದ್ದಾರೆ. ಇಂಜೆಕ್ಷನ್ ಇದ್ದರೆ ಎತ್ತರದ ಬಾಧೆಯೇ ಇಲ್ಲ ಎಂದು. ಕಂಪ್ಯೂಟರ್ ಪೆಟ್ರೋಲನ್ನು ಅಳೆದು ಕೊಟ್ಟೀತು, ಗಾಳಿಯನ್ನು ಹುಟ್ಟಿಸಲಾರದು. ಹೊಗೆ ಬರುವುದಿಲ್ಲ, ಪ್ಲಗ್ ಮಸಿ ಹಿಡಿಯುವುದಿಲ್ಲ. ಶಕ್ತಿ ಮಾತ್ರ ಹೋಗಿಯೇ ಹೋಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ.

ಜುಲೈ ತಿಂಗಳು. ಬೋಟುಗಳೆಲ್ಲ ದಡದಲ್ಲಿ. ಮಳೆಗಾಲದ ನಿಷೇಧ ಮುಗಿಯುವವರೆಗೆ ಕಡಲಿಗಿಳಿಯುವಂತಿಲ್ಲ. ಶೀನಣ್ಣ ನಮ್ಮ ಬಸ್ರೂರಿನ ಮನೆಗೆ ಬಂದು ಜಗಲಿಯಲ್ಲಿ ಕುಳಿತ. ಕುಳಿತದ್ದೇ ನನಗೆ ಆಶ್ಚರ್ಯ.

“ಆಚಾರ್ರೆ, ನಿಮ್ಗ್ ಈಗ ಕೆಲ್ಸ ಇಲ್ಲೆ. ನಂಗ್ ಬೋಟ್ ಹೋಪೋರೆಗೆ ಕೆಲ್ಸ ಇಲ್ಲೆ. ಲಡಾಕ್ ಬದಿಗ್ ಹೋಪನಾ?”

“ಯಾವ್ ಗಾಡಿಯಗೆ?”

“ಎಂತಕ್, ನನ್ನದ್ ಇಲ್ಯಾ? ದೊಡ್ಡ್ ಗಾಡಿಯಗೆ ಎಲ್ಲ ಹೋತ್ರ್. ನಮ್ ಸಣ್ಣ ಗಾಡಿ ಎಷ್ಟ್ ಎತ್ರಕ್ ಹೋತ್ ಅಂದ್ ಕಾಂಬ.”

ಬೇಡ ಎನ್ನಲು ನನ್ನಿಂದಾಗಲಿಲ್ಲ. ನನ್ನ ಹತ್ತಿರ ಹೊಸ ಇಂಜೆಕ್ಷನ್ ಗಾಡಿ, ಅದೂ ನೂರು ಚಿಲ್ಲರೆ ಸಿಸಿಯದೇ. ಅವನ ಹತ್ತಿರ ನಾನೇ ಎಷ್ಟೋ ಸಲ ಬಿಚ್ಚಿ ಕಟ್ಟಿದ ಹಳೆಯ ಕಾರ್ಬುರೇಟರ್ ಗಾಡಿ. ಎರಡನ್ನೂ ಅಕ್ಕಪಕ್ಕ ಬೆಟ್ಟ ಹತ್ತಿಸಿ ನೋಡುವ ಯೋಗ ಯಾವ ಮೆಕ್ಯಾನಿಕನಿಗೆ ಸಿಗುತ್ತದೆ? ಗಿರಿಜಕ್ಕ ಹೇಳಿದ್ದು ಒಂದೇ ಮಾತು, ಒಬ್ಬರನ್ನೊಬ್ಬರು ಬಿಟ್ಟು ಬರಬಾರದೆಂದು. “ಹೋಯ್ ಬನ್ನಿ. ಆರೆ ಒಬ್ರನ್ನೊಬ್ರ್ ಬಿಟ್ಟಿಕ್ಕಿ ಬಪ್ಕಾಗ.”

ಗಾಡಿಗಳನ್ನು ರೈಲಿನಲ್ಲಿ ಚಂಡೀಗಢಕ್ಕೆ ಹಾಕಿ, ಅಲ್ಲಿಂದ ಮನಾಲಿಗೆ ಓಡಿಸಿದೆವು. ಮನಾಲಿಯಿಂದ ಸುರಂಗ ದಾಟಿದರೆ ಕೇಲಾಂಗ್ ಎಂಬ ಊರು. ಅಲ್ಲಿ ಒಂದು ದಿನ ಸುಮ್ಮನಿದ್ದು ಮೈಗೆ ಎತ್ತರ ಅಭ್ಯಾಸವಾಗಲಿ ಎಂದೆ. “ಸುಮ್ನೆ ಕೂಕಂಬುಕ್ ಇಷ್ಟ್ ದೂರ ಬಪ್ಕಾ?” ಎಂದು ಶೀನಣ್ಣ ಗಾಡಿಗೆ ಕಿಕ್ ಹೊಡೆದ. ಅಂದೇ ಮುಂದಿನ ಹಳ್ಳಿ ಜಿಸ್ಪಾ ಸೇರಿ, ಮರುದಿನ ಬೆಳಿಗ್ಗೆ ಬಾರಾಲಾಚ ಎಂಬ, ಬೆಟ್ಟಸಾಲಿನ ನೆತ್ತಿ ದಾಟಿಸುವ ಕಣಿವೆಯ ಕಡೆಗೆ ಹೊರಟೆವು. ಅದು ನಮ್ಮ ಕೊಡಚಾದ್ರಿಯ ಮೇಲೆ ಕೊಡಚಾದ್ರಿ ಇಟ್ಟು, ಅದರ ಮೇಲೆ ಇನ್ನೊಂದಿಟ್ಟರೂ ಮುಟ್ಟದ ಎತ್ತರ.

ನೀವು ನಂಬಬೇಕು, ಆ ಬೆಳಿಗ್ಗೆ ನನ್ನ ಬದುಕಿನ ಒಳ್ಳೆಯ ಬೆಳಿಗ್ಗೆಗಳಲ್ಲೊಂದು. ಬೋಳು ಬೆಟ್ಟಗಳು, ನೀಲಿ ಆಕಾಶ, ಮರ ಎಂಬುದೇ ಇಲ್ಲ. ಹಳೆಯ ಗಾಡಿ ಹೊಗೆ ಬಿಡತೊಡಗಿದಾಗ ನಿಲ್ಲಿಸಿ ಸೂಜಿ ಇಳಿಸಿದೆ. ಇನ್ನೂ ಮೇಲೆ ಹೋಗಿ, ಪೆಟ್ರೋಲು ಚಿಮ್ಮುವ ತೂತು ಸಣ್ಣದಿರುವ ಜೆಟ್ ಹಾಕಿದೆ. ಹೊಗೆ ನಿಂತಿತು. ನನ್ನ ಗಾಡಿಗೆ ಏನೂ ಮಾಡಬೇಕಾಗಲಿಲ್ಲ, ಅದು ತನ್ನಷ್ಟಕ್ಕೆ ಎಲ್ಲ ಸರಿಮಾಡಿಕೊಂಡಿತು. ಆದರೂ ಏರು ಬಂದಾಗ ಎರಡೂ ಒಂದನೇ ಗೇರಿನಲ್ಲಿ, ಎರಡು ಎತ್ತಿನ ಗಾಡಿಗಳ ಹಾಗೆ ಅಕ್ಕಪಕ್ಕ ತೆವಳುತ್ತಿದ್ದವು. ಅಲ್ಲಿ ಗಾಳಿಯ ಮೂರರಲ್ಲೊಂದು ಪಾಲು ಇಲ್ಲವೇ ಇಲ್ಲ. ಇಲ್ಲದ ಗಾಳಿಯನ್ನು ಯಾವ ಗಾಡಿ ಉಸಿರಾಡೀತು? ನಾನು ಕಿವಿಗೊಟ್ಟು ಎರಡರ ದನಿಯನ್ನೂ ಕೇಳುತ್ತ, ಒಳಗೊಳಗೇ ಹಿಗ್ಗುತ್ತ ಹೋದೆ.

ಜಿಂಗ್‌ಜಿಂಗ್‌ಬಾರ್ ಎಂಬಲ್ಲಿ ಚಾ ಮಾರುವ ಡೇರೆಗಳಿವೆ. ಕಣಿವೆ ಅಲ್ಲಿಂದ ದೂರವಿಲ್ಲ. ಚಾ ಕುಡಿಯಲು ನಿಂತೆವು. ಶೀನಣ್ಣ ಚಾ ಮುಟ್ಟಲಿಲ್ಲ. ತಲೆ ಸ್ವಲ್ಪ ಭಾರ, ರಾತ್ರಿ ನಿದ್ದೆ ಇಲ್ಲ ಎಂದ. ಹೊರಡೋಣ ಎಂದು ಎದ್ದು ಗಾಡಿಯ ಹತ್ತಿರ ಹೋದವನು ಕಿಕ್ಕರ್ ತುಳಿಯಲು ಕಾಲೆತ್ತಿದ. ಕಾಲು ಕಿಕ್ಕರ್ ಮೇಲೆ ಬೀಳಲಿಲ್ಲ, ಪಕ್ಕದ ಗಾಳಿಗೆ ಬಿತ್ತು. ಇನ್ನೊಮ್ಮೆ ಎತ್ತಿದ. ಮತ್ತೆ ತಪ್ಪಿತು.

ಕಣ್ಣು ಕಟ್ಟಿ ಬಿಟ್ಟರೂ ಆ ಕಿಕ್ಕರನ್ನು ಹುಡುಕಿ ತುಳಿಯಬಲ್ಲ ಕಾಲು ಅದು.

“ಶೀನಣ್ಣ, ಸ್ವಲ್ಪ ಈ ಕಲ್ಲಿನವರೆಗೆ ನಡೀನಿ ಕಾಂಬ.”

ನಾಲ್ಕು ಹೆಜ್ಜೆ ನಡೆದ. ಕುಡಿದವನ ಹಾಗೆ ಓರೆಯಾಗಿ.

“ತಿರ್ಗ್ಸುವ,” ಎಂದೆ. “ಕೆಳ್ಗ್ ಹೋಪ.”

“ಎಂತಕ್? ಗಾಡಿ ಎಳಿತಿತ್ತಲೆ! ಇಲ್ಲೇ ಇತ್ತ್ ಅಂಬ್ರ್ ಮೇಲ್!”

“ಗಾಡಿ ಎಳಿತಿತ್ತ್. ನಿಮ್ಗ್ ಎಳಿತಿಲ್ಲೆ.”

ಅವನಿಗೆ ಬಂದ ಸಿಟ್ಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮುಂಬೈಯ ಭಾಷೆಯಲ್ಲೆಲ್ಲ ಬೈದ. ನೀವು ಹೆದರಿದ್ದೀರಿ, ನೀವೇ ಹೋಗಿ, ನಾನೊಬ್ಬನೇ ಮೇಲೆ ಹೋಗುತ್ತೇನೆ ಎಂದ. ನಾನು ಅವನ ಗಾಡಿಯ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ನನಗೂ ಆಸೆ ಇರಲಿಲ್ಲವೇ? ನಾನು ಕೈಯಾರೆ ಹೊಂದಿಸಿದ ಆ ಹಳೆಯ ಎಂಜಿನ್ ತುದಿ ಮುಟ್ಟುವುದನ್ನು ನೋಡಲು ಅವನಿಗಿಂತ ಹೆಚ್ಚು ಆಸೆ ನನಗಿತ್ತು. ಆದರೆ ದೇಹಕ್ಕೆ ಜೆಟ್ ಬದಲಾಯಿಸಲು ಬರುವುದಿಲ್ಲ. ಡೇರೆಯ ಹೆಂಗಸು ಅವನ ಮುಖ ನೋಡಿದವಳೇ ಕೈಯಿಂದ ಕೆಳಗೆ, ಕೆಳಗೆ ಎಂದು ತೋರಿಸಿದಳು. ಅವನ ಗಾಡಿಯನ್ನು ಅವಳ ವಶಕ್ಕೆ ಬಿಟ್ಟು, ಅವನನ್ನು ನನ್ನ ಹಿಂದೆ ಕೂರಿಸಿ, ಬಿದ್ದುಹೋಗದ ಹಾಗೆ ಶಾಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ಇಳಿದೆ. ದಾರಿಯುದ್ದಕ್ಕೂ ಬೆನ್ನಿಗೆ ತಾಗಿದ ಅವನ ತಲೆಯ ಭಾರ ಮಾತ್ರ ಗೊತ್ತಾಗುತ್ತಿತ್ತು. ಗಿರಿಜಕ್ಕನಿಗೆ ಏನು ಹೇಳಲಿ ಎಂದು ಯೋಚಿಸುತ್ತ ನಾನು ಅಷ್ಟು ಜಾಗ್ರತೆಯಿಂದ ಗಾಡಿ ಬಿಟ್ಟದ್ದು ಅದಕ್ಕೂ ಹಿಂದೆ ಇಲ್ಲ, ಆಮೇಲೂ ಇಲ್ಲ.

ಜಿಸ್ಪಾದಲ್ಲಿ ಸೇನೆಯ ವೈದ್ಯರೊಬ್ಬರು ಸಿಕ್ಕಿ ನೋಡಿದರು. ಇದು ಎತ್ತರದ ಕಾಯಿಲೆ, ಸರಿಯಾದ ಹೊತ್ತಿಗೆ ಇಳಿಸಿದ್ದೀರಿ, ಇನ್ನೂ ಮೇಲೆ ಹೋಗಿದ್ದರೆ ಕಷ್ಟವಿತ್ತು ಎಂದರು. ಆಮ್ಲಜನಕ ಕೊಟ್ಟು, ಮಾತ್ರೆ ಕೊಟ್ಟು, ಇನ್ನೂ ಕೆಳಗೆ ಕೇಲಾಂಗಿಗೆ ಕಳಿಸಿದರು. ಮರುದಿನ ಬೆಳಿಗ್ಗೆ ಶೀನಣ್ಣ ಎದ್ದು ಅನ್ನ ಕೇಳಿದ. ಎರಡು ತಟ್ಟೆ ತಿಂದ. ನನ್ನೊಡನೆ ಮಾತು ಮಾತ್ರ ಇಲ್ಲ. ಮೂರನೇ ದಿನ ಬಿಸಿಲಿಗೆ ಕುಳಿತಿದ್ದವನು ತಾನಾಗಿ ಹೇಳಿದ.

“ಆಚಾರ್ರೆ, ಅವತ್ ನಾನ್ ನಿಮ್ಗ್ ಎಂತೆಲ್ಲ ಹೇಳ್ದೆ ಅಂದ್ ನೆನಪಿಲ್ಲೆ.”

“ನಂಗೂ ಇಲ್ಲೆ,” ಎಂದೆ.

ಗಾಡಿ ಮೇಲೆಯೇ ಇತ್ತಲ್ಲ, ಅದನ್ನು ತರಬೇಕು. ವೈದ್ಯರು ಇನ್ನೊಮ್ಮೆ ನೋಡಿ, ಈಗ ಹೋಗಬಹುದು, ಆದರೆ ನಿಧಾನ ಎಂದ ಮೇಲೆ, ಜಿಸ್ಪಾದಲ್ಲಿ ಒಂದು ದಿನ ಪೂರ್ತಿ ಸುಮ್ಮನೆ ಕಳೆದು ನನ್ನ ಗಾಡಿಯಲ್ಲಿ ಇಬ್ಬರೂ ಹೊರಟೆವು. ಈ ಸಲ ಅವನು ಅಲ್ಲಲ್ಲಿ ನಿಲ್ಲಿಸಲು ಹೇಳಿ, ಇಳಿದು ಸುತ್ತ ನೋಡಿ, ನೀರು ಕುಡಿದು ಬಂದ. ಡೇರೆ ಮುಟ್ಟಿದಾಗ ಅವನ ಮುಖ ಸ್ವಚ್ಛವಾಗಿತ್ತು. ಚಾ ಕುಡಿದ, ಬಿಸ್ಕಿಟು ತಿಂದ. ಅವನ ಗಾಡಿ ಮೂರನೇ ಕಿಕ್ಕಿಗೆ ಎದ್ದಿತು. ಆಕಾಶದಲ್ಲಿ ಒಂದು ಮೋಡವಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಇಷ್ಟು ಬಂದದ್ದಾಯಿತು, ಕಣಿವೆ ಕಂಡೇ ಬರೋಣ.

ಆಗ ಡೇರೆಯ ಹಿಂದಿನಿಂದ ಒಬ್ಬರು ಬಂದರು. ಪಂಜಾಬಿನ ಕಡೆಯ ಶಾಲಾಮಾಸ್ತರರು, ನಡುವಯಸ್ಸಿನವರು, ಒಬ್ಬರೇ ಬಂದವರು. ಅವರದೂ ಸಣ್ಣ ಗಾಡಿ, ಹಳೆಯ ಕಾರ್ಬುರೇಟರಿನದು. ಕಪ್ಪು ಹೊಗೆ ಕಾರಿ ನಿಂತಿದೆ, ಮೇಲೆ ಎಳೆಯುತ್ತಿಲ್ಲ, ನಿಮಗೆ ಗೊತ್ತಿದ್ದರೆ ಸ್ವಲ್ಪ ನೋಡಿ, ಇವತ್ತೇ ಕಣಿವೆ ದಾಟಬೇಕು ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಕೈ ತಾನಾಗಿ ಸ್ಕ್ರೂ ಡ್ರೈವರಿಗೆ ಹೋಯಿತು. ಹಳೆಯ ಚಾಳಿ.

ಶೀನಣ್ಣ ನನ್ನ ಕೈ ಹಿಡಿದ. “ನಿಲ್ಲಿ ಆಚಾರ್ರೆ.”

ಮಾಸ್ತರರ ಹತ್ತಿರ ಹೋಗಿ, “ಮಾಸ್ಟರ್‌ಜೀ, ಗಾಡಿ ಛೋಡೋ. ಸರ್ ದುಖ್ತಾ ಹೈ ಕ್ಯಾ?” ಎಂದು ಕೇಳಿದ. ತಲೆನೋವು ಇದೆಯೇ ಎಂದು.

ಇದೆ, ಎರಡು ಸಲ ವಾಂತಿಯೂ ಆಯಿತು, ಪರವಾಗಿಲ್ಲ ಎಂದರು ಅವರು. ಶೀನಣ್ಣ ಅವರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದ. ಅವರು ಡೇರೆಯ ಹಗ್ಗ ಹಿಡಿದುಕೊಂಡರು.

ಕೆಳಗೆ ಹೋಗುವ ಲಾರಿಗಳು ಇನ್ನೂ ಮೇಲಿನಿಂದ ಬಂದಿರಲಿಲ್ಲ. ಯಾವಾಗ ಬರುತ್ತವೆಂದು ಡೇರೆಯ ಹೆಂಗಸಿಗೂ ಗೊತ್ತಿರಲಿಲ್ಲ. ಶೀನಣ್ಣ ಕಣಿವೆಯ ಕಡೆ ಒಮ್ಮೆ ನೋಡಿದ. ರಸ್ತೆ ಬಳಸಿ ಬಳಸಿ ಹತ್ತಿ ಹೋಗುವುದು ಬಿಸಿಲಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

“ನೀವ್ ಹೋಯ್ ಬನ್ನಿ ಆಚಾರ್ರೆ. ನಾನ್ ಇವ್ರನ್ ಕೆಳ್ಗ್ ಮುಟ್ಟಿಸ್ತೆ,” ಎಂದ.

“ಹೊರ್ಡುವಾಗ ಗಿರಿಜಕ್ಕ ಎಂತ ಹೇಳಿದ್ರ್?”

ಅವನು ನಕ್ಕ. ಮಾಸ್ತರರು ಒಪ್ಪಲು ಬಹಳ ಹೊತ್ತು ಬೇಕಾಯಿತು. ಬೈದರು, ಬೇಡಿಕೊಂಡರು, ಇಷ್ಟು ವರ್ಷ ಕಾದು ಬಂದಿದ್ದೇನೆ ಎಂದರು. ಶೀನಣ್ಣ ಅವರ ಪಕ್ಕ ಕಲ್ಲಿನ ಮೇಲೆ ಕುಳಿತು, ಅವಸರವೇ ಇಲ್ಲದವನ ಹಾಗೆ ಎಲ್ಲವನ್ನೂ ಕೇಳಿದ. ಮೊನ್ನೆ ಇದೇ ಜಾಗದಲ್ಲಿ ತಾನು ಕುಣಿದದ್ದನ್ನು ಹೇಳಿದ. ನನ್ನನ್ನು ತೋರಿಸಿ, ಇವರಿಗೆ ಹೊಡೆಯುವುದೊಂದು ಬಾಕಿ ಇತ್ತು ಎಂದ. ಅಷ್ಟಕ್ಕೆ ಮಾಸ್ತರರು ಆ ತಲೆನೋವಿನಲ್ಲೂ ನಕ್ಕುಬಿಟ್ಟರು. ಆಮೇಲೆ ತಮ್ಮ ಗಾಡಿಯನ್ನು ಡೇರೆಯ ಹೆಂಗಸಿನ ವಶಕ್ಕೆ ಬಿಟ್ಟು ಬಂದು ಶೀನಣ್ಣನ ಹಿಂದೆ ಕುಳಿತರು. ನಾನು ಇಬ್ಬರ ಹಿಂದೆ, ಮಾಸ್ತರರ ಮೇಲೆ ಕಣ್ಣಿಟ್ಟುಕೊಂಡು ಇಳಿದೆ.

ಸಂಜೆಗೆ ಜಿಸ್ಪಾದಲ್ಲಿ ಮಾಸ್ತರರು ಸೂಪು ಕುಡಿಯುವಷ್ಟಾದರು. ನೀವು ಏನು ಕೆಲಸ ಮಾಡುತ್ತೀರಿ ಎಂದು ಶೀನಣ್ಣನನ್ನು ಕೇಳಿದರು. ಬೆಟ್ಟದ ಮೇಲೆ ಮೀನು ಮಾರುತ್ತೇನೆ ಎಂದ. ತಮಾಷೆ ಎಂದುಕೊಂಡರು.

ಮರುದಿನ ಕೇಲಾಂಗಿಗೆ ಬಂದ ಮೇಲೆ ಫೋನಿಗೆ ಸಿಗ್ನಲ್ ಸಿಕ್ಕಿತು. ಶೀನಣ್ಣ ಹೆಂಡತಿಗೆ ಮಾಡಿದ. ಗಿರಿಜಕ್ಕನ ದನಿ ನನಗೂ ಕೇಳುವಷ್ಟು ಜೋರು.

“ಬೋಟಿಗೆಲ್ಲ ಬಣ್ಣ ಹೊಡೂಕ್ ಶುರು ಮಾಡಿರ್. ಮೇಲ್ ಮುಟ್ಟಿದ್ರ್ಯಾ ಇಲ್ಯಾ?”

“ಇಲ್ಲೆ ಮಾರಾಯ್ತಿ. ಸ್ವಲ್ಪ ಕೆಳ್ಗಿಂದ ತಿರ್ಗಿ ಬಂದೆ. ಎರಡ್ ಸಲ.”

“ಫೋನ್ ಆಚಾರ್ರಿಗೆ ಕೊಡಿ,” ಎಂದಳು. ನಾನು ತೆಗೆದುಕೊಂಡೆ.

“ಹೌದಾ ಆಚಾರ್ರೆ? ಇವ್ರೇ ತಿರ್ಗಿ ಬಂದ್ರಾ? ಯಾರೂ ಹಿಡ್ದ್ ಎಳೀದೆ?”

“ಒಂದ್ಸಲ ನಾನ್ ಎಳ್ದದ್. ಇನ್ನೊಂದ್ಸಲ ಅವ್ರೇ, ಗಿರಿಜಕ್ಕ.”

ಅವಳು ನಗತೊಡಗಿದಳು. ಪಕ್ಕದಲ್ಲಿದ್ದ ಯಾರಿಗೋ ವಿಷಯ ಹೇಳಿ ಮತ್ತೆ ನಕ್ಕಳು. ಶೀನಣ್ಣ ಮುಖ ಆಚೆ ತಿರುಗಿಸಿ ಬೆಟ್ಟ ನೋಡುತ್ತ ನಿಂತ. ಅವನ ಕಿವಿ ಮಾತ್ರ ಕೆಂಪಾಗಿತ್ತು.

“ಹಾಂಗಾರೆ ಅಡ್ಡಿಲ್ಲೆ ಆಚಾರ್ರೆ,” ಎಂದಳು ಗಿರಿಜಕ್ಕ, ಉಸಿರು ಸಿಕ್ಕಿದ ಮೇಲೆ. “ಇವ್ರನ್ ಒಂದ್ಸಲ ನಿಲ್ಸೂಕ್ ಅಷ್ಟ್ ಎತ್ರಕ್ ಕರ್ಕಂಡ್ ಹೋಯ್ಕಾಯ್ತಲೆ!”